ಒಬ್ಬರು ನಿಲ್ಲುವಷ್ಟು ಜಾಗ

ಅಧ್ಯಕ್ಷ ಸ್ಥಾನದಲ್ಲಿರುವ, ಇವತ್ತೊಂದು ದಿನದ ಮಟ್ಟಿಗೆ ನನ್ನನ್ನು ಬೈಯಲಾಗದ ಮುಖ್ಯೋಪಾಧ್ಯಾಯಿನಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಕಣ್ಣಿನ ಡಾಕ್ಟರೇ, ಗುರುವೃಂದವೇ, ನಮ್ಮನ್ನು ಹೆತ್ತ ತಪ್ಪಿಗೆ ಎರಡು ಗಂಟೆಯಿಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿರುವ ತಂದೆತಾಯಂದಿರೇ, ಬಹುಮಾನ ಬಂದವರೇ, ಬಾರದವರೇ, ಉಳಿದೆಲ್ಲ ಸಭಿಕರೇ,

ನಾನು ಕಳ್ಳ.

ಇದು ಭಾಷಣದ ಪೀಠಿಕೆಯಲ್ಲ, ತಪ್ಪೊಪ್ಪಿಗೆ. ಕಳೆದ ತಿಂಗಳು ಹದಿನಾಲ್ಕನೇ ತಾರೀಕು, ಊಟದ ಗಂಟೆಗೆ ಐದು ನಿಮಿಷ ಮೊದಲು, ಶಿಕ್ಷಕರ ಕೊಠಡಿಯ ಹೊರಗೋಡೆಯಿಂದ ನಮ್ಮ ಒಂಬತ್ತನೇ ತರಗತಿಯ ಗ್ರೂಪ್ ಫೋಟೋವನ್ನು ಕಟ್ಟು ಸಮೇತ, ಗಾಜು ಸಮೇತ, ಹಿಂದಿದ್ದ ಹಲ್ಲಿ ಮೊಟ್ಟೆ ಸಮೇತ ಕದ್ದವನು ನಾನೇ. ಮೊಳೆಯನ್ನು ಮಾತ್ರ ಶಾಲೆಗೇ ಬಿಟ್ಟೆ. ನಾನು ಅಷ್ಟೊಂದು ನೀಚನಲ್ಲ. ಆ ಫೋಟೋದ ಒಂದೊಂದು ಪ್ರತಿ ನಮ್ಮ ತರಗತಿಯ ನಲವತ್ತೆರಡು ಮನೆಗಳಲ್ಲೂ ಇದೆ. ಊರೆಲ್ಲ ಇರುವ ವಸ್ತುವನ್ನು ಕದ್ದು ಬಚ್ಚಿಟ್ಟ ಮೊದಲ ಕಳ್ಳ ಬಹುಶಃ ನಾನೇ ಇರಬೇಕು.

ಗಂಟೆ ಹೊಡೆಯುವ ಅಜ್ಜಾ, ನೀವು ಬಾಗಿಲ ಹತ್ತಿರ ನಿಂತಿದ್ದೀರಿ, ಕ್ಷಮಿಸಿ. ಫೋಟೋ ಕಾಣೆಯಾದಾಗ ಮೊದಲು ನಿಮ್ಮನ್ನೇ ಕರೆದು ಕೇಳಿದರು. ಶಾಲೆಯಲ್ಲಿ ಏನು ಕಳೆದರೂ ಮೊದಲು ಕೇಳುವುದು ನಿಮ್ಮನ್ನೇ. ಯಾಕೆ ಎಂದು ನೀವು ಕೇಳಿದವರಲ್ಲ, ನಾವು ಯೋಚಿಸಿದವರಲ್ಲ.

ಹಾಂ, ಒಂದು ಮಾತು. ಹಿಂದೆ ನಿಂತಿರುವವರಿಗೆ ವಿನಂತಿ. ಮೂರನೇ ಸಾಲಿನ ತುದಿಯಲ್ಲಿ ಒಂದು ಕುರ್ಚಿ ಖಾಲಿ ಇದೆ. ಯಾರಾದರೂ ಒಬ್ಬರು ಬಂದು ಕೂರಬಹುದು.

ಇನ್ನೊಂದು ಕ್ಷಮೆ, ತಡವಾಗಿ ಬಂದದ್ದಕ್ಕೆ. ಮೆಟ್ಟಿಲ ಬಳಿಯೇ ಪಿ.ಟಿ. ಮೇಷ್ಟ್ರು ನನ್ನ ಬೂಟು ನೋಡಿ, "ಏನೋ ಇದು ಧೂಳು?" ಎಂದರು. "ನಡ್ಕೊಂಡ್ ಬಂದೆ ಸರ್" ಎಂದೆ. "ಭೇಷ್, ಇದಪ್ಪಾ ಶಿಸ್ತು ಅಂದ್ರೆ" ಎಂದು ಬೆನ್ನು ತಟ್ಟಿದರು. ಆ ಭೇಷ್ ಅನ್ನು ಕಿಸೆಯಲ್ಲಿಟ್ಟುಕೊಂಡಿದ್ದೇನೆ, ಕೊನೆಯಲ್ಲಿ ಬೇಕಾಗುತ್ತದೆ.

ಸಭಿಕರೇ, ಈ ಭಾಷಣ ಮುಗಿದ ಮೇಲೆ ಡಾಕ್ಟರು ನನ್ನ ಕೊರಳಿಗೆ 'ಉತ್ತಮ ಸಹಪಾಠಿ' ಪದಕ ಹಾಕಲಿದ್ದಾರೆ. 'ನಾನು ಕಂಡ ತಾರತಮ್ಯ' ಎಂಬ ಪ್ರಬಂಧಕ್ಕೆ ಬಂದ ಪದಕ. ನನ್ನ ಬೆನ್ನ ಹಿಂದಿನ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿದೆಯಲ್ಲ, ಆ ಚಿತ್ರವನ್ನು ಪ್ರಬಂಧದ ಜೊತೆ ನಾನೇ ಲಗತ್ತಿಸಿದ್ದೆ. ಸಾಲಿನ ಕೊನೆಯಲ್ಲಿ ಒಬ್ಬಳು ಹುಡುಗಿ. ಅವಳ ಪಕ್ಕದಲ್ಲಿ ನಾನು. ಅವಳ ಕೈ ನನ್ನ ಭುಜದ ಮೇಲೆ. ನಲವತ್ತೆರಡು ಜನವೂ ನಗುತ್ತಿದ್ದಾರೆ. "ಇಡೀ ಶಾಲೆಯಲ್ಲಿ ಅವಳ ಪಕ್ಕ ನಿಂತವನು ನಾನೊಬ್ಬನೇ." ಇದು ನನ್ನ ಪ್ರಬಂಧದ ಕೊನೆಯ ವಾಕ್ಯ. ಇದನ್ನು ಓದಿ ವಿಜ್ಞಾನದ ಮೇಡಂ ಕಣ್ಣೊರೆಸಿಕೊಂಡರಂತೆ. ಪದಕಕ್ಕೂ ಪಾತಕಕ್ಕೂ ಉಚ್ಚಾರಣೆಯಲ್ಲಿ ಅಂಥ ದೂರವೇನಿಲ್ಲ ಎಂಬುದು ಕನ್ನಡದ ಮೇಷ್ಟ್ರಿಗಾದರೂ ಹೊಳೆಯಬೇಕಿತ್ತು.

ಅವಳು ಯಾರು? ಎಂಟನೇ ತರಗತಿಯ ಮಧ್ಯದಲ್ಲಿ ಬಂದು ಸೇರಿದವಳು. ಮೊದಲ ಎರಡು ವಾರ ಅವಳೂ ನಮ್ಮಂತೆಯೇ ಇದ್ದಳು. ನಮ್ಮಂತೆಯೇ ಗಣಿತದಲ್ಲಿ ದಡ್ಡಿ, ನಮ್ಮಂತೆಯೇ ಊಟದ ಹೊತ್ತಿಗೆ ಚುರುಕು. ಮೂರನೇ ವಾರ ಒಂದು ದಿನ ಬಸ್ಸು ಬರಲಿಲ್ಲ. ಅವಳ ಅಪ್ಪ ತಮ್ಮ ಗಾಡಿಯಲ್ಲೇ ಗೇಟಿನವರೆಗೆ ತಂದು ಬಿಟ್ಟರು. ಗಾಡಿ ಆಸ್ಪತ್ರೆಯದು. ಹಿಂದುಗಡೆ ಕಿಟಕಿಗೆ ಕಪ್ಪು ಬಣ್ಣ, ಬದಿಯಲ್ಲಿ ದೊಡ್ಡಕ್ಷರದಲ್ಲಿ 'ಶವವಾಹನ'. ಅವಳು ಮುಂದಿನ ಸೀಟಿನಿಂದ ಇಳಿದು ಅಪ್ಪನಿಗೆ ಕೈ ಬೀಸಿ ಒಳಗೆ ಬಂದಳು. ಗೇಟಿನಿಂದ ತರಗತಿಗೆ ಅರವತ್ತು ಹೆಜ್ಜೆ. ಅಷ್ಟರೊಳಗೆ ಅವಳ ಬೆಂಚು ಖಾಲಿಯಾಗಿತ್ತು.

ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟದ್ದೆಲ್ಲ ಮರೆಯುವ ನಾವು, ಹೇಳಿಕೊಡದೆ ಇದ್ದುದನ್ನು ಎಷ್ಟು ಚೆನ್ನಾಗಿ ಕಲಿತಿದ್ದೆವು ನೋಡಿ. ನನ್ನ ಅಮ್ಮ ಟೈಲರ್, ದೊಡ್ಡ ಮನಸ್ಸಿನವಳು. "ಮಾತಾಡು, ಬೇಡ ಅಂತೀನಾ? ಅವರೂ ಮನುಷ್ಯರೇ" ಎಂದಳು. ಹೊಲಿಗೆ ಯಂತ್ರ ಒಂದು ಸುತ್ತು ಓಡಿ ನಿಂತಿತು. "ಡಬ್ಬಿ ಮಾತ್ರ ಹಂಚ್ಕೋಬೇಡ."

ಆಗ ಫೋನುಗಳಲ್ಲಿ ಒಂದು ದೆವ್ವದ ಧಾರಾವಾಹಿ ಬರುತ್ತಿತ್ತು, 'ಪಕ್ಕದವಳು' ಅಂತ. ಫೋನ್ ತರಬಾರದೆಂಬ ಕಟ್ಟುನಿಟ್ಟಿನ ಶಾಲೆಯಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಸಂಚಿಕೆ ಹೇಗೆ ನೋಡುತ್ತಿದ್ದರು ಎಂದು ದಯವಿಟ್ಟು ಕೇಳಬೇಡಿ. ಕೇಳಿದರೆ ಇಬ್ಬರು ಶಿಕ್ಷಕರ ಹೆಸರೂ ಹೊರಬೀಳುತ್ತದೆ. ಅದರಲ್ಲಿ ದೆವ್ವ ಅರಚುವುದಿಲ್ಲ, ಕೂದಲು ಕೆದರುವುದಿಲ್ಲ. ಗ್ರೂಪ್ ಫೋಟೋಗಳಲ್ಲಿ ಸುಮ್ಮನೆ ಬಂದು ನಿಲ್ಲುತ್ತದೆ. ತೆಗೆಯುವಾಗ ಇರುವುದಿಲ್ಲ, ತೊಳೆದ ಮೇಲೆ ಇರುತ್ತದೆ. ಅದು ಯಾರ ಪಕ್ಕ ನಿಂತಿದೆಯೋ ಅವರು ಮುಂದಿನ ಸಂಚಿಕೆಯಲ್ಲಿ ಇರುವುದಿಲ್ಲ. ಇಷ್ಟೇ ಕಥೆ. ಇಷ್ಟಕ್ಕೇ ನಾವು ನಿದ್ದೆಗೆಟ್ಟೆವು.

ಯಾರೋ ಒಬ್ಬರು ಆ ಹುಡುಗಿಗೆ ಅದೇ ಹೆಸರಿಟ್ಟರು. ಪಕ್ಕದವಳು. ಪಕ್ಕದಲ್ಲಿ ಯಾರೂ ಕೂರದವಳಿಗೆ ಪಕ್ಕದವಳು ಎಂಬ ಹೆಸರು. ಹಾಸ್ಯದ ದೃಷ್ಟಿಯಿಂದ ನೋಡಿದರೆ ಒಳ್ಳೆಯ ಹೆಸರೇ, ಒಪ್ಪಬೇಕು.

ಆ ಕುರ್ಚಿ ಇನ್ನೂ ಖಾಲಿಯೇ ಇದೆ. ಈಗಷ್ಟೇ ಇಬ್ಬರು ಅದರ ಹತ್ತಿರದವರೆಗೆ ಹೋಗಿ, ಪಕ್ಕದಲ್ಲಿ ಯಾರು ಕುಳಿತಿದ್ದಾರೆಂದು ನೋಡಿ, ಕಾಲುನೋವೇ ಇಲ್ಲದವರಂತೆ ಹಿಂದಕ್ಕೆ ಹೋಗಿ ನಿಂತರು. ಇರಲಿ.

ಒಂಬತ್ತನೇ ತರಗತಿಯ ಫೋಟೋದ ಹಿಂದಿನ ದಿನ, ಪ್ರಯೋಗಾಲಯದ ಮೆಟ್ಟಿಲ ಮೇಲೆ ಅವಳು ನನ್ನನ್ನು ತಡೆದಳು.

"ನಾಳೆ ಫೋಟೋದಲ್ಲಿ ನನ್ ಪಕ್ಕ ನಿಂತ್ಕೋತೀಯಾ?"

"ಯಾಕೆ?"

"ಅಪ್ಪ ದಿನಾ ಕೇಳ್ತಾರೆ, ನಿನ್ ಪಕ್ಕ ಯಾರ್ ಕೂರ್ತಾರೆ ಅಂತ. ನಿನ್ ಹೆಸ್ರು ಹೇಳ್ಬಿಟ್ಟಿದೀನಿ."

"ನನ್ ಹೆಸ್ರೇ ಯಾಕೆ?"

"ನೀನು ಎಲ್ರನ್ನೂ ನಗಿಸ್ತೀಯಲ್ಲ. ನಿನ್ ಕತೆ ಹೇಳಿದ್ರೆ ಅಪ್ಪಂಗೆ ನಂಬಿಕೆ ಬರುತ್ತೆ." ನನಗೆ ಮೆಟ್ಟಿಲು ಬಿಟ್ಟು ಸರಿದು, "ಮಾತಾಡ್ಬೇಕಂತಿಲ್ಲ. ನಿಂತ್ಕೊಂಡ್ರೆ ಸಾಕು" ಎಂದಳು.

"ಅದಕ್ಕೇನಂತೆ" ಎಂದೆ. ಎಷ್ಟು ಸುಲಭದ ಮಾತು ನೋಡಿ, ಅದಕ್ಕೇನಂತೆ.

ಮರುದಿನ ಎತ್ತರದ ಪ್ರಕಾರ ನಿಲ್ಲಿಸಿದಾಗ ಅವಳು ಸಾಲಿನ ಕೊನೆ, ಅವಳಿಗಿಂತ ಮೊದಲಿನವನು ನಾನು. ಹಾಗಾಗಿ ಲೆಕ್ಕದ ಪ್ರಕಾರ ಅವಳ ಪಕ್ಕ ನಿಂತವನು ನಾನೇ, ಪ್ರಬಂಧದಲ್ಲಿ ಸುಳ್ಳಿಲ್ಲ. ಆದರೆ ಫೋಟೋಗ್ರಾಫರ್ ಕ್ಯಾಮೆರಾದಿಂದ ತಲೆಯೆತ್ತಿ, "ಏನಪ್ಪಾ, ಮಧ್ಯೆ ಒಬ್ರು ನಿಲ್ಲೋಷ್ಟು ಜಾಗ ಬಿಟ್ಟಿದ್ದೀಯ. ಹತ್ರ ಸರಿ" ಎಂದ.

ಎಲ್ಲರೂ ನನ್ನತ್ತ ತಿರುಗಿದರು. ಎಂಬತ್ತು ಚಿಲ್ಲರೆ ಕಣ್ಣು. ಡಾಕ್ಟರೇ, ಕಣ್ಣಿನ ರೋಗಗಳಲ್ಲಿ ಇದಕ್ಕೊಂದು ಹೆಸರಿರಬೇಕು: ಬೇರೆಯವರ ಕಣ್ಣಿನಿಂದ ಬರುವ ರೋಗ. ನಾನು ನಗಿಸುವವನಲ್ಲವೇ, ನಗಿಸಿದೆ. "ಆಗಲ್ಲ ಸರ್, ಇವಳ ಪಕ್ಕ ನಿಂತವರು ಮುಂದಿನ ಸಂಚಿಕೇಲಿ ಇರಲ್ಲ."

ತರಗತಿಯೇ ನಕ್ಕಿತು. ಫೋಟೋಗ್ರಾಫರೂ ನಕ್ಕು, ಆ ನಗುವಿನಲ್ಲೇ ಗುಂಡಿ ಒತ್ತಿದ. ಅದಕ್ಕೇ ಈ ಚಿತ್ರದಲ್ಲಿ ಎಲ್ಲರೂ ಇಷ್ಟು ಖುಷಿಯಾಗಿರುವುದು. ಅವಳೂ ನಗುತ್ತಿದ್ದಾಳೆ, ನೋಡಿ. ಹೆಸರಿಟ್ಟ 'ಯಾರೋ ಒಬ್ಬರು' ಯಾರು ಎಂದು ಈಗ ಬಿಡಿಸಿ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ.

ಪರದೆಯ ಮೇಲಿನ ಚಿತ್ರ ನಿಜವಾದದ್ದಲ್ಲ. ಪ್ರಬಂಧಕ್ಕಾಗಿ ಫೋನಿನಲ್ಲಿ ಕಾಲು ಗಂಟೆ ಕೂತು ತಿದ್ದಿದ್ದು. ಅವಳನ್ನು ಬೆರಳ ತುದಿಯಿಂದ ಎಳೆದು ನನ್ನ ಹತ್ತಿರ ತಂದೆ. ಎದುರಿಗಿದ್ದಾಗ ಮುಟ್ಟದವಳನ್ನು ಗಾಜಿನ ಮೇಲೆ ಮುಟ್ಟಿದೆ. ಆದರೆ ಆ ಕೈ ಇದೆಯಲ್ಲ, ನನ್ನ ಭುಜದ ಮೇಲಿನ ಕೈ, ಅದನ್ನು ನಾನು ಮಾಡಿದ್ದಲ್ಲ. ಮೂಲ ಫೋಟೋದಲ್ಲೂ ಅದು ಹಾಗೆಯೇ ಇದೆ. ಅವಳು ತೋಳೆತ್ತಿ, ಬೆರಳು ಬಾಗಿಸಿ, ಅಂಗೈಯನ್ನು ಒಂದು ಭುಜದ ಎತ್ತರದಲ್ಲಿ ಇಟ್ಟು ನಿಂತಿದ್ದಾಳೆ. ಅಪ್ಪನಿಗೆ ತೋರಿಸಬೇಕಿತ್ತಲ್ಲ. ಕೈ ಇದೆ. ಕೆಳಗೆ ಭುಜವಿಲ್ಲ.

ಮೂಲ ಫೋಟೋ ಗೋಡೆಯ ಮೇಲಿದ್ದರೆ ಪದಕ ಹೋದೀತೆಂದು ಕದ್ದೆ. ಹೆದರಿದ್ದು ದಂಡ. ನಲವತ್ತೆರಡು ಮನೆಗಳಲ್ಲಿ ಆ ಫೋಟೋ ಇದ್ದರೂ, ತಿದ್ದಿದ ಚಿತ್ರ ಒಂದು ತಿಂಗಳು ಸೂಚನಾ ಫಲಕದ ಮೇಲಿದ್ದರೂ, ಒಬ್ಬರಾದರೂ ಬಂದು "ಹೀಗಿರಲಿಲ್ಲವಲ್ಲೋ" ಎನ್ನಲಿಲ್ಲ. ಎಲ್ಲರಿಗೂ ಇದೇ ಚೆನ್ನಾಗಿ ಕಂಡಿತು.

ಒಂಬತ್ತು ಮುಗಿದ ಮೇಲೆ ಅವಳು ಶಾಲೆ ಬಿಟ್ಟಳು. ಧಾರಾವಾಹಿ ನೋಡಿದವರು ಆಸೆಪಡಬೇಡಿ, ಅವಳಿಗೆ ಏನೂ ಆಗಿಲ್ಲ. ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಬೇರೆ ಶಾಲೆಯಲ್ಲಿ ಓದುತ್ತಿದ್ದಾಳೆ. ನಾವು ನಿರಾಳವಾಗಿ ಹತ್ತನೇ ತರಗತಿಗೆ ಬಂದೆವು. ಫೋಟೋದ ದಿನವೂ ಬಂತು. ಅದೇ ಅಂಗಳ, ಅದೇ ಫೋಟೋಗ್ರಾಫರ್. ಈ ಸಲ ಸಾಲಿನ ಕೊನೆಯಲ್ಲಿ ನಾನು. ನನ್ನ ಪಕ್ಕ ನನ್ನ ಗೆಳೆಯ, ಸದಾ ಚಾರ್ಜ್ ಆಗಿರುವುದರಿಂದ 'ಬ್ಯಾಟರಿ' ಎಂದು ಹೆಸರಾದವನು.

"ಯಾರೋ ಒಬ್ರು ಬರ್ಬೇಕಾ?" ಎಂದ ಫೋಟೋಗ್ರಾಫರ್.

"ಇಲ್ಲ, ಎಲ್ರೂ ಇದೀವಿ."

"ಮತ್ತೆ ಆ ತುದೀಲಿ ಜಾಗ ಯಾಕೆ ಬಿಟ್ಟಿದ್ದೀರಿ? ಸೇರ್ಕೊಳ್ಳಿ."

ಸೇರಿಕೊಂಡೆವು. ಅವನು ಕಣ್ಣಿಟ್ಟು ನೋಡಿದ, ತಲೆಯೆತ್ತಿದ. "ಇನ್ನೂ ಸೇರ್ಕೊಳ್ಳಿ." ಸೇರಿಕೊಂಡೆವು. ಮೂರನೇ ಸಲ ಅವನು ಸೇರಿಕೊಳ್ಳಿ ಎನ್ನುವುದನ್ನೇ ಬಿಟ್ಟ. ನನ್ನನ್ನು ಮಾತ್ರ, "ಭುಜ ಎತ್ತಪ್ಪಾ, ಯಾರೋ ಕೈ ಹಾಕ್ದಂಗೆ ನಿಂತಿದ್ದೀಯ" ಎಂದು ಗದರಿ ಗುಂಡಿ ಒತ್ತಿದ.

ಫೋಟೋದ ಪ್ರತಿ ಕೈಗೆ ಬಂದಾಗ ನೋಡಿದೆವು. ನನಗೂ ಬ್ಯಾಟರಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. "ಲೋ, ನಿನ್ ಭುಜ ನಂಗೆ ತಾಗ್ತಾ ಇತ್ತು ಕಣೋ, ಆಣೆ" ಎಂದ ಅವನು. ನನಗೂ ತಾಗುತ್ತಿತ್ತು. ಇಬ್ಬರಿಗೂ ಯಾರದೋ ಭುಜ ತಾಗುತ್ತಿತ್ತು. ಆಮೇಲೆ ಬ್ಯಾಟರಿ ನನ್ನ ಬೆಂಚಿನಿಂದ ಎದ್ದುಹೋದ. ಜಗಳವಿಲ್ಲ, ಮಾತಿಲ್ಲ, "ಕಿಟಕಿ ಹತ್ರ ಬೆಳಕು ಚೆನ್ನಾಗಿದೆ" ಎಂದ, ಅಷ್ಟೇ. ಅಂದಿನಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೊನೆಗೆ ತುಂಬುತ್ತದೆ, ತುಂಬಿದರೆ. ಈ ವೇದಿಕೆಯನ್ನೇ ನೋಡಿ. ಆರು ಕುರ್ಚಿ, ನನ್ನನ್ನೂ ಸೇರಿಸಿ ಐದು ಜನ. ಖಾಲಿ ಇರುವುದು ನನ್ನ ಕುರ್ಚಿಯ ಪಕ್ಕದ್ದೇ ಎಂದು ಡಾಕ್ಟರು ಈಗ ಗಮನಿಸಿದರು. ಪರವಾಗಿಲ್ಲ ಡಾಕ್ಟರೇ, ನೀವು ಬೇಕೆಂದು ಬಿಟ್ಟದ್ದಲ್ಲ. ಯಾರೂ ಬೇಕೆಂದು ಬಿಡುವುದಿಲ್ಲ.

ಮೂರನೇ ಸಾಲಿನಲ್ಲಿ ಆ ಕುರ್ಚಿಯ ಪಕ್ಕ ಕುಳಿತಿರುವವರು ಆ ಹುಡುಗಿಯ ಅಪ್ಪ. ಮುಖ್ಯೋಪಾಧ್ಯಾಯಿನಿಯವರೇ ಪತ್ರ ಬರೆದು ಕರೆಸಿದ್ದಾರೆ, ಮಗಳ ಪಕ್ಕ ನಿಂತ ಹುಡುಗನಿಗೆ ಪದಕ ಹಾಕುವುದನ್ನು ನೋಡಲಿ ಎಂದು. ಅವರು ಕುರ್ಚಿಯ ಬೆನ್ನಿನ ಮೇಲೆ ತೋಳು ಚಾಚಿ ಕುಳಿತಿದ್ದಾರೆ, ಅಲ್ಲಿ ಯಾರದೋ ಭುಜವಿರುವಂತೆ. ಆಗಲೇ ಸ್ವಯಂಸೇವಕ ಹೋಗಿ, ಕುರ್ಚಿಯನ್ನು ಬೇರೆ ಕಡೆ ಒಯ್ಯಲೇ ಎಂದು ಕೇಳಿದ. ಅವರು ಹೇಳಿದ್ದು ಇಲ್ಲಿಗೇ ಕೇಳಿಸಿತು: "ಬೇಡಪ್ಪಾ, ಇಲ್ಲಿ ಜನ ಇದಾರೆ."

ಸಭಿಕರೇ, ಇಷ್ಟನ್ನೂ ಒಪ್ಪಿಕೊಂಡ ಮೇಲೆ ನನಗೆ ಭಯವಿಲ್ಲ, ಪೂರ್ವಗ್ರಹವೆಂಬ ದೆವ್ವವನ್ನು ಗೆದ್ದಿದ್ದೇನೆ, ಇದೋ ಇಳಿದು ಹೋಗಿ ಆ ಕುರ್ಚಿಯಲ್ಲಿ ಕೂರುತ್ತೇನೆ ಎಂದು ಹೇಳಿ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಬೂಟಿನ ಧೂಳು ಬಾಕಿ ಇದೆ.

ಇವತ್ತು ಬೆಳಿಗ್ಗೆ ಬಸ್ಸು ತಪ್ಪಿತು. ನಡೆಯುತ್ತಿದ್ದಾಗ ಪಕ್ಕದಲ್ಲಿ ಒಂದು ಗಾಡಿ ನಿಂತಿತು. "ನೀನೇ ಅಲ್ವೇನಪ್ಪಾ, ನಮ್ ಹುಡುಗಿ ಹೇಳ್ತಿದ್ದೋನು? ಹತ್ತು. ಇಬ್ರೂ ಅಲ್ಲಿಗೇ ಹೋಗ್ತಿರೋದು. ಮುಂದೆ ಕೂತ್ಕೋ, ನನ್ ಪಕ್ಕ."

ನಾನು ಒಳಗೆ ಬಗ್ಗಿ ನೋಡಿದೆ. ಸ್ಟೀರಿಂಗಿನ ಪಕ್ಕ, ಗಾಜಿನ ಕೆಳಗೆ, ಒಂಬತ್ತನೇ ತರಗತಿಯ ಫೋಟೋ ಅಂಟಿಸಿತ್ತು. ಮೂಲದ್ದು. ನಲವತ್ತೆರಡು ನಗು, ಒಂದು ಖಾಲಿ ಜಾಗ, ಅದರ ಮೇಲೆ ಒಂದು ಕೈ. ಒಂದೂವರೆ ವರ್ಷದಿಂದ ಅವರು ದಿನವೂ ಅದನ್ನೇ ನೋಡುತ್ತ ಗಾಡಿ ಓಡಿಸುತ್ತಿದ್ದಾರೆ. ಅವರಿಗೆ ಎಲ್ಲವೂ ಗೊತ್ತು. ಗೊತ್ತಿದ್ದೂ ಹತ್ತು ಎನ್ನುತ್ತಿದ್ದಾರೆ.

"ಬೇಡ ಅಂಕಲ್" ಎಂದೆ. "ನಂಗೆ ಗಾಡೀಲಿ ವಾಂತಿ ಬರುತ್ತೆ."

"ನಿಧಾನಕ್ಕೇ ಓಡಿಸ್ತೀನಿ. ನನ್ ಗಾಡಿ ಯಾವತ್ತೂ ಜೋರಾಗಿ ಹೋಗಿಲ್ಲಪ್ಪಾ."

"ಡಾಕ್ಟ್ರು ನಡೀಬೇಕು ಅಂದಿದಾರೆ."

ಅವರು ಗೇರ್ ಇಳಿಸಿದರು. ಹುಷಾರಿಲ್ಲದ ಹುಡುಗ ದಾರಿಯಲ್ಲಿ ಬಿದ್ದುಗಿದ್ದಾನು ಎಂದುಕೊಂಡಿರಬೇಕು, ಗಾಡಿಯನ್ನು ನನ್ನ ಹಿಂದೆಯೇ ನಡಿಗೆಯ ವೇಗದಲ್ಲಿ ಬಿಟ್ಟುಕೊಂಡು ಬಂದರು. ಎರಡು ಕಿಲೋಮೀಟರ್. ನಾನು ಮುಂದೆ, ಶವವಾಹನ ಹಿಂದೆ. ದಾರಿಯವರು ಸೈಕಲ್ ಇಳಿದು ನಿಂತರು. ಕ್ಷೌರದಂಗಡಿಯವನು ರೇಡಿಯೋ ಸಣ್ಣಗೆ ಮಾಡಿದ. ಒಬ್ಬರು ಅಜ್ಜಿ ನನ್ನನ್ನೇ ನೋಡಿ ತಲೆ ತಗ್ಗಿಸಿದರು. ನನ್ನ ಒಂದು ಭುಜ ಇಳಿದೇ ಇತ್ತು. ನಾನು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಪಿ.ಟಿ. ಮೇಷ್ಟ್ರೇ, ನಿಮ್ಮ ಭೇಷ್ ಇಲ್ಲಿದೆ, ವಾಪಸ್ ತೆಗೆದುಕೊಳ್ಳಿ.

ಪದಕ ಮೇಜಿನ ಮೇಲೇ ಇರಲಿ, ಡಾಕ್ಟರೇ. ಮೈಕಿನವರಿಗೆ, ಕುರ್ಚಿ ಜೋಡಿಸಿದವರಿಗೆ, ಇನ್ನೂ ಎದ್ದುಹೋಗದ ನಿಮಗೆಲ್ಲ ನಾನು ಋಣಿ. ಇಲ್ಲಿಂದ ಇಳಿಯಲು ಐದು ಮೆಟ್ಟಿಲು. ಎಡಕ್ಕೆ ಹೋದರೆ ಮೂರನೇ ಸಾಲು, ಬಲಕ್ಕೆ ಹೋದರೆ ಬಾಗಿಲು. ಪ್ರಬಂಧದಲ್ಲಿ ನನ್ನದೇ ಧೈರ್ಯದ ಬಗ್ಗೆ ಹನ್ನೆರಡು ಪುಟ ಬರೆದ ನನ್ನ ಕಾಲು ಇನ್ನೂ ಈ ಮೇಜಿನ ಹಿಂದೆಯೇ ಇದೆ. ಯಾವ ಕಡೆ ತಿರುಗುತ್ತದೆಂದು ನನಗೂ ಗೊತ್ತಿಲ್ಲ. ನೀವೇ ನೋಡಿ. ನಮಸ್ಕಾರ.