ರೇಶಮ್ ಜಾನ್ ಅಂತಲೇ ಬರಿ

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಮೀರ್‌ಪುರದ ಅಜ್ಜಿಯೊಬ್ಬಳು ಕೂತಿದ್ದಳು. ಜೊತೆಗಿದ್ದ, ಅಜ್ಜಿಯನ್ನು ‘ದಾದಿ’ ಎಂದು ಕರೆಯುತ್ತಿದ್ದ ಮೊಮ್ಮಗಳು ಪಾಕಿಸ್ತಾನದಿಂದ ವಲಸೆ ಬಂದವರ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು.

“ದಾದಿ, ಪ್ರಬಂಧದಲ್ಲಿ ನಿಮ್ಮ ಹೆಸರು ಬದಲಾಯಿಸ್ತೀನಿ.”

“ಯಾಕೆ, ನಾನೇನು ಕಳ್ಳಿಯಾ?”

“ಅಯ್ಯೋ, ನಿಮ್ಮ ರಕ್ಷಣೆಗೇ. ಎಲ್ಲರಿಗೂ ಹಾಗೇ ಮಾಡೋದು.”

“ಇಪ್ಪತ್ತು ವರ್ಷ ಮನೇಲಿ ಕೂತು ಕಾರ್ಖಾನೆಗೆ ಕೋಟು ಹೊಲಿದೆ. ಅವರ ಒಂದು ಕಾಗದದಲ್ಲೂ ನನ್ನ ಹೆಸರಿಲ್ಲ. ಈಗ ನೀನೂ ಅಳಿಸ್ತೀಯಾ?”

“ಪ್ರಬಂಧ ಓದಿದೋರು ನಿಮ್ಮ ಗುರುತು ಹಿಡೀತಾರೆ, ದಾದಿ.”

“ಹಿಡೀಲಿ! ನಮ್ಮೂರನ್ನ ಅಣೆಕಟ್ಟು ಮುಳುಗಿಸ್ತು. ನನ್ನ ಹೆಸರನ್ನ ನೀನು ಮುಳುಗಿಸ್ಬೇಡ.”

ಮೊಮ್ಮಗಳು ನಕ್ಕು, ಒಪ್ಪಿಗೆ ಪತ್ರ ತೆಗೆದು ಬರೆದಳು: ರೇಶಮ್ ಜಾನ್.

“ಕಸುಬು?”

“ದರ್ಜಿ. ದಪ್ಪಗೆ ಬರಿ. ಏಳು, ಬಸ್ಸು ಬಂತು. ಒಳಗೆ ಕೂತು ನಂಗೆ ಓದಿ ಹೇಳು, ಗಟ್ಟಿಯಾಗಿ.”