ಉಪ್ಪಿನಕಾಯಿ ಜಾಡಿಯ ಕೇಪುಗಳು

ಬೆಳಗಿನಿಂದ ಸುರಿದ ಮಳೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಹಿಮವಾಗಿತ್ತು. ಜಿಂಕೆಗಳೂ ಶಿಕಾರಿಗಳೂ ತಮ್ಮ ತಮ್ಮ ಬಿಡಾರ ಸೇರಿದ್ದರು. ಪೆನ್ಸಿಲ್ವೇನಿಯಾದ ಗುಡ್ಡದ ಆ ಮರದ ಮನೆಯಲ್ಲಿ ಒಲೆಯ ಸುತ್ತ ಮೂವರಿದ್ದರು. ಸಮಾಧಾನವಿಲ್ಲದವನು ಕರ್ಟಿಸ್ ಒಬ್ಬನೇ. ನಾಳೆಯ ಶಿಕಾರಿಗೆ ಅವನ ಬಳಿ ಒಂದೂ ತೋಟಾ ಇರಲಿಲ್ಲ. ಸುಟ್ಟ ತೋಟಾಗಳ ಖಾಲಿ ಹಿತ್ತಾಳೆ ಕವಚ, ಮದ್ದು, ಗುಂಡು ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಮತ್ತೆ ತುಂಬಲು ಸಿದ್ಧನಾಗಿದ್ದ. ತೋಟಾದ ಬುಡದಲ್ಲಿ ಕೂತು ಕಿಡಿ ಹಾರಿಸುವ ಹೆಸರುಕಾಳಿನಷ್ಟು ಪುಟ್ಟ ಕೇಪುಗಳು ಅಂಗಡಿಗಳಲ್ಲಿ ಎಲ್ಲೂ ಸಿಗದೆ, ಯಾರೋ ವಿಧವೆಯ ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ ಒಂದು ಗಾಜಿನ ಜಾಡಿ ತುಂಬ ಸಿಕ್ಕಿದ್ದವು.

“ಯಾವ ಕಾಲದ್ದೋ ಏನೋ ಮಾವ, ಆದ್ರೂ ಥಳಥಳ ಅಂತಿವೆ ನೋಡಿ,” ಎಂದು ಅವನು ಮುಚ್ಚಳಕ್ಕೆ ಕೈ ಹಾಕಿದ.

“ಕೈ ತೆಗಿ.”

ಎಂಬತ್ತೊಂದರ ಮರ್ಲ್ ಹಾಕನ್‌ಬೆರಿ, ಕರ್ಟಿಸನ ಸೋದರಮಾವ, ದನಿ ಏರಿಸಿರಲಿಲ್ಲ. ಆದರೂ ಕೈ ತಾನಾಗಿ ಹಿಂದೆ ಬಂತು.

“ಓರ್ವಿಲ್ ಝರ್ಬಿ ಕತೆ ಕೇಳು. ಆಮೇಲೂ ತೆಗೀಬೇಕು ಅನ್ಸಿದ್ರೆ ತೆಗಿ. ನಾವು ಆಗ ಹೊರಗೆ ಮಳೇಲಿ ನಿಂತಿರ್ತೀವಿ.”

“ಶುರುವಾಯ್ತಪ್ಪಾ ಮುದುಕಂದು,” ಎಂದ ಒಲೆಯ ಬಳಿಯ ಮೂರನೆಯವನು, ಲೆಸ್ಟರ್. ಮರ್ಲ್‌ಗಿಂತ ಅವನು ಒಂದೇ ವರ್ಷ ಚಿಕ್ಕವನು.

“ನನಗೆ ತೋಟಾ ತುಂಬೋದು ಕಲಿಸಿದವನೇ ಓರ್ವಿಲ್,” ಎಂದು ಮರ್ಲ್ ಶುರುಮಾಡಿದ. “ ಕೇಪು ಬರೋ ಪೆಟ್ಟಿಗೆ ನೋಡಿದೀರಲ್ಲ? ಒಂದೊಂದಕ್ಕೂ ಒಂದೊಂದು ಗುಳಿ, ಒಂದರ ಮೈ ಇನ್ನೊಂದಕ್ಕೆ ತಾಗದ ಹಾಗೆ. ಚಂದಕ್ಕೆ ಮಾಡಿರ್ತಾರಾ ಅದನ್ನ? ಓರ್ವಿಲ್‌ಗೆ ಅದು ಜಾಗದ ದಂಡ. ವರ್ಷ ವರ್ಷ ಉಳಿದದ್ದನ್ನೆಲ್ಲ ಒಂದು ಉಪ್ಪಿನಕಾಯಿ ಜಾಡಿಗೆ ಸುರೀತಾ ಹೋದ. ಆ ಜಾಡಿ ತೊಳೆದು ಕೊಟ್ಟವನು… ನಾನೇ. ಹೆಂಡತಿ ಈಡಾ ಹೆದರಿದಳು ಅಂತ ಒಂದ್ಸಲ ಅದರ ತುಂಬ ಸೀಮೆಎಣ್ಣೆ ಹೊಯ್ದು, ‘ನೋ-ನೋಡೇ, ಸತ್ತೋದ್ವು, ಹೂ-ಹೂವು ಹಾಕು’ ಅಂದ.”

ಸತ್ತ ಗೆಳೆಯನ ಉಗ್ಗು ಮರ್ಲ್‌ನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ, ನಗತೊಡಗಿದ ಲೆಸ್ಟರ್ ನಡುವೆಯೇ ಸುಮ್ಮನಾದ.

“ಸತ್ತಿರ್ಲಿಲ್ಲ. ಎಣ್ಣೆ ಆರಿಹೋಯ್ತು, ಅವು ಎದ್ದು ಕೂತ್ವು. ಒಂದಕ್ಕೊಂದು ಉಜ್ಜಿ ಉದುರಿದ ಪುಡಿಯೆಲ್ಲ ತಳದಲ್ಲಿ. ಹನ್ನೊಂದು ವರ್ಷ ಆದ್ಮೇಲೆ ಒಂದಿನ, ಎಷ್ಟು ಉಳಿದಿವೆ ಅಂತ ಕಿವಿಯಲ್ಲೇ ಅಂದಾಜು ಮಾಡೋಕೆ ಜಾಡಿ ಎತ್ತಿ ಅಲ್ಲಾಡಿಸಿದ. ಚಿಲ್… ಚಿಲ್… ನಾನು ಅಂಗಳದಲ್ಲಿ ಸೌದೆ ಹೊತ್ತು ನಿಂತಿದ್ದೆ. ಮೂರನೇದು ಚಿಲ್ ಅನ್ಲಿಲ್ಲ. ಒಂದು ಸಿಡೀತು, ಅದರ ಜೊತೆ ಎಲ್ಲವೂ. ಒಳಗೆ ಓಡಿದ್ರೆ ಗೋಡೆ ತುಂಬ ಗಾಜು. ಓರ್ವಿಲ್ ಕುರ್ಚೀಲಿ ಕೂತೇ ಇದ್ದ. ಜಾಡಿ ಹಿಡಿದಿದ್ದ ಕೈ ಇರ್ಲಿಲ್ಲ. ಆಸ್ಪತ್ರೆ ದಾರೀಲೇ ಹೋದ…”

ಮರ್ಲ್ ಮಾತು ನಿಲ್ಲಿಸಿದ. ತಗಡಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು.

“ಆಮೇಲೆ ನಮ್ಮೂರಿನ ರೇ ಕೂನ್ಸ್. ಅವನೂ ಜಾಡೀಲೇ ಇಟ್ಟಿದ್ದ. ಒಂದಿನ ನಗ್ತಾ ಬಂದು, ‘ಜಾಡಿ ಮೇಜಿನ ಮೇಲಿತ್ತು, ಯಾರೂ ಮುಟ್ಟಿಲ್ಲ, ಎರಡು ಸಲ ಚಿಲ್ ಅಂತು ಕಣಯ್ಯಾ’ ಅಂದ. ಅವತ್ತೇ ಸಂಜೆ ಅವನು ಜಾಡಿ ಎತ್ತಿದ, ಅದು ಸಿಡಿದು ಎರಡೂ ಕಣ್ಣು ಹೋದ್ವು. ಸತ್ತ ಮೇಲೂ ಓರ್ವಿಲ್‌ಗೆ ಕೇಪಿನ ಲೆಕ್ಕ ಸಿಕ್ಕಿಲ್ಲ, ಅಷ್ಟೆ. ಜಾಡಿ ಇದ್ದಲ್ಲಿಗೆ ಬಂದು ಎರಡು ಸಲ ಅಲ್ಲಾಡಿಸ್ತಾನೆ. ಮೂರನೇದನ್ನ ಜಾಡಿಯವನಿಗೆ ಬಿಡ್ತಾನೆ. ಎಚ್ಚರಿಸೋಕೆ ಬರ್ತಾನೋ, ಜೊತೆಗೆ ಕರ್ಕೊಂಡು ಹೋಗೋಕೋ… ಯಾರಿಗೆ ಗೊತ್ತು?”

ಮರ್ಲ್ ಮತ್ತೆ ಮಾತು ನಿಲ್ಲಿಸಿದ. ಅವನ ಕಿವಿ ಜಾಡಿಯ ಕಡೆ ವಾಲಿತ್ತು.

ಕರ್ಟಿಸ್ ಜಾಡಿಯ ತಳ ನೋಡಿದ. ಬೂದಿಯಂಥ ನವುರು ಪುಡಿ, ಒಂದು ಬೆರಳಿನಗಲ. ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದು ಅವನಿಗೇ ತಿಳಿಯಲಿಲ್ಲ.

“ಹೊರಗೆ ಒಯ್ದು ನೀರಲ್ಲಿ ಮುಳುಗಿಸ್ಲಾ ಮಾವ?”

“ಮುಟ್ಬೇಡ. ಒಲೆ ಆರಿಸಿ ರಸ್ತೆಗೆ ಇಳಿಯೋಣ. ಪೊಲೀಸರಿಗೆ ಫೋನ್ ಮಾಡು, ಸಿಡಿಮದ್ದು ಬಲ್ಲವರು ಬಂದು ನೋಡ್ಕೊಳ್ಳಲಿ.”

“ನಾಳೆ ಶಿಕಾರಿ?”

“ಜಿಂಕೆಗೆ ಒಂದು ವರ್ಷ ಆಯಸ್ಸು ಸಿಕ್ತು ಅನ್ಕೋ. ನಿನಗೆ ಅದಕ್ಕಿಂತ ಜಾಸ್ತಿ.”

ಕೋಟು ತೊಟ್ಟು ಬಾಗಿಲಿಗೆ ಬಂದಾಗ ಮರ್ಲ್ ಕೇಳಿದ: “ನಾನು ಕತೆ ಹೇಳುವಾಗ ನಿಮ್ಮಲ್ಲಿ ಯಾರಾದ್ರೂ ಜಾಡಿ ಮುಟ್ಟಿದ್ರಾ?”

ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು.

“ನಾನು ಎರಡು ಸಲ ಮಾತು ನಿಲ್ಲಿಸಿದೆ… ಯಾಕೆ ಅಂತ ಯಾರೂ ಕೇಳ್ಲೇ ಇಲ್ಲ,” ಎಂದ ಮುದುಕ. “ನಡೀರಿ. ಬಾಗಿಲು ಮೆಲ್ಲಗೆ ಎಳ್ಕೊಳ್ಳಿ.”