ಸುಮ್ಮನಾಗಬೇಡಿ

ದೀಪ ಆರಿಸಬೇಡ ಕಣೇ, ಇರಲಿ. ಮಧ್ಯೆ ನನ್ನ ಮಾತೂ ನಿಲ್ಲಿಸಬೇಡ. ಅಗೋ, ಮಂಚದ ಮೇಲೆ ಮಲಗಿದ್ದಾನಲ್ಲ, ನಮ್ಮ ಚಿಕ್ಕಪ್ಪನ ಮಗ... ಇದು ಅವನಿಗೇ ಆಗಿದ್ದು.

ಅವತ್ತು ರಾತ್ರಿ ಮನೆಯವರೆಲ್ಲ ಮಲಗಿದ್ರು. ಹಿಂದಿನ ಬಾವಿ ಕಡೆಯಿಂದ ಯಾರೋ ಮಾತಾಡ್ಕೊಂಡು ಬರೋ ಸದ್ದು... ಒಂದೇ ಸಮ, ಉಸಿರೂ ತಗೊಳ್ಳದೆ. ಧ್ವನಿ ಇವನದೇ. ನನ್ನೆದೆ ಧಸಕ್ಕಂತು. ಇವನನ್ನ ನಾವು ಕರೆಯೋದೇ ಮೌನಿ ಅಂತ. ಊಟಕ್ಕೆ ಬಾರೋ ಅಂದ್ರೂ ತಲೆಯಾಡಿಸೋ ಆಸಾಮಿ. ಸಾಫ್ಟ್‌ವೇರ್ ಕೆಲಸದಲ್ಲಿ ಎತ್ತಿದ ಕೈ, ಆದ್ರೆ ಇಂಟರ್‌ವ್ಯೂಗೆ ಹೋದಲ್ಲೆಲ್ಲ ಇದೇ ಗೋಳು. ಪ್ರಶ್ನೆ ಬಿಡಿಸುವಾಗ ಬಾಯಿಗೆ ಬೀಗ. ಅವರಿಗೆ ಉತ್ತರ ಒಂದೇ ಸಾಲದಂತೆ, ಯೋಚಿಸ್ತಿರೋದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಇರಬೇಕಂತೆ. ಅವತ್ತು ಒಂದು ದೊಡ್ಡ ಕಂಪನಿಯಲ್ಲಿ ಇಂಟರ್‌ವ್ಯೂನ ಕೊನೇ ಸುತ್ತು. ಇದೂ ಹೋದ್ರೆ ನನ್ನ ಕತೆ ಮುಗೀತು ಅಕ್ಕಾ ಅಂತ ಹೇಳಿ ಹೋಗಿದ್ದ, ಪಾಪ.

ಬಾಗಿಲು ತೆಗೆದೆ. ತುಟಿ ಸೀಳಿತ್ತು, ಮೂಗು ಸೊಟ್ಟಗಾಗಿತ್ತು, ಅಂಗಿಯೆಲ್ಲ ರಕ್ತ. ಬಾಯಿ ಮಾತ್ರ ನಿಲ್ತಿಲ್ಲ. "ಅಕ್ಕಾ, ನೀರು... ಈಗ ಲೋಟ ಹಿಡೀತಿದ್ದೀನಿ, ಈಗ ಕುಡೀತೀನಿ..."

"ಯಾರೋ ಹೊಡೆದದ್ದು?" ಪಿಸುಗುಟ್ಟಿದೆ.

"ಗೊತ್ತಿಲ್ಲ... ಮುಖ ನೋಡಿಲ್ಲ."

ಇಂಟರ್‌ವ್ಯೂ ಕೋಣೇಲಿ ಇವನನ್ನ ಕೂರಿಸಿ ಹೋದವರು ತಿರುಗಿ ಬರಲೇ ಇಲ್ಲವಂತೆ. ಹೊರಗಿನ ದೀಪ ಒಂದೊಂದಾಗಿ ಆರಿದ್ವು. ಗಾಜಿನ ಬೋರ್ಡಿನ ಮೇಲೆ ಹಸಿರು ಮಸೀಲಿ ಪ್ರಶ್ನೆ ಬರೆದಿತ್ತು. ಇವನೆದ್ದು ಅದನ್ನ ಓದ್ತಾ ನಿಂತ. ಬೆನ್ನ ಹಿಂದೆ ಬಾಗಿಲು ಕಿರ್ ಅಂತು.

"ತಿರುಗಬೇಡಿ. ಬರೀರಿ. ಸುಮ್ಮನಾಗಬೇಡಿ."

ಬರೆದ. ಅರ್ಧಕ್ಕೆ ಅಭ್ಯಾಸದಂತೆ ಮಾತು ನಿಂತುಹೋಯ್ತು. ಹಿಂದೆ... ಟಕ್. ಮಾರ್ಕರ್ ಮುಚ್ಚಳ ತೆಗೆದ ಸದ್ದು. ಯಾವುದೋ ಕೈ ಕೂದಲು ಹಿಡಿದು ಮುಖಾನ ಗಾಜಿಗೆ ಧಡ್ ಅಂತ ಅಪ್ಪಳಿಸ್ತು.

"ಏನು ಯೋಚಿಸ್ತಿದ್ದೀರಿ?" ಮೆಲ್ಲಗೆ, ತುಂಬಾ ಮರ್ಯಾದೆಯಿಂದ ಕೇಳ್ತಂತೆ.

ತೊದಲಿದ. ಮತ್ತೆ ಮಾತು ನಿಂತಿತು. ಟಕ್. ಈ ಸಲ ಮೂಗು ಲಟಕ್ಕಂತು. ಗಾಜಿನಲ್ಲಿ ಇಡೀ ಕೋಣೆ ಕಾಣ್ತಿತ್ತು... ಮೇಜು, ಕುರ್ಚಿ, ಇವನ ರಕ್ತದ ಮುಖ. ಹಿಂದೆ ಯಾರೂ ಇರಲಿಲ್ಲ.

ಪ್ರಾಣಭಯಕ್ಕೆ ಮಾತು ಹೊರಟಿತು. ಬಾಯಿಗೆ ಬಂದದ್ದೆಲ್ಲ ಒದರ್ತಾ ಪ್ರಶ್ನೆ ಬಿಡಿಸಿದ, ಒದರ್ತಾನೇ ಬಾಗಿಲು ಹುಡುಕಿ ಓಡಿದ. ಕೆಳಗೆ ಸೆಕ್ಯೂರಿಟಿಯವನು, "ಇನ್ನೂ ಇದ್ದೀರಾ ಸಾರ್? ಇಂಟರ್‌ವ್ಯೂ ಮಾಡೋರು ಇವತ್ತು ಬಂದೇ ಇಲ್ವಲ್ಲ" ಅಂದನಂತೆ.

ಬೆಳಿಗ್ಗೆ ಮೇಲ್ ಬಂತು. ಕೆಲಸ ಸಿಕ್ಕಿತ್ತು. ಯೋಚನೇನ ಚೆನ್ನಾಗಿ ಬಿಡಿಸಿ ಹೇಳ್ತಾರೆ ಅಂತ ಯಾರೋ ಹೊಗಳಿ ಬರೆದಿದ್ರು. ಚಿಕ್ಕಪ್ಪ ಕುಣಿದಾಡಿಬಿಟ್ರು. ನಾನು ಇವನ ರಕ್ತದ ಅಂಗಿ ನೆನೆಹಾಕ್ತಿದ್ದೆ.

ಅವತ್ತಿಂದ ನಿದ್ದೇಲೂ ಇವನದು ಗೊಣಗೊಣ. ಗೋಡೆಯಾಚೆ ಅದು ಕೇಳಿಸ್ತಿದ್ರೆ ನಾನು ನೆಮ್ಮದಿಯಾಗಿ ಮಲಗ್ತಿದ್ದೆ. ಹೋದ ವಾರ ಜ್ವರದ ಮಾತ್ರೆ ನುಂಗಿ ಮೈಮರೆತು ಮಲಗಿದ್ದ. ನಡುರಾತ್ರಿ ನನಗೆ ಎಚ್ಚರ ಆಯ್ತು... ಮನೆಯೆಲ್ಲ ನಿಶ್ಶಬ್ದ. ಎದ್ದುಬಿದ್ದು ಓಡಿದೆ. ಬಾಗಿಲು ಮುಟ್ಟೋಷ್ಟರಲ್ಲಿ ಒಳಗೆ... ಟಕ್.

ಮಂಚದ ಕಂಬಿಗೆ ಮುಖ ಜಜ್ಜಿತ್ತು. ದವಡೆ ಎರಡು ಹೋಳು. ಡಾಕ್ಟರು ತಂತಿ ಬಿಗಿದಿದ್ದಾರೆ, ಬಾಯಿ ತೆರೆಯೋ ಹಾಗಿಲ್ಲ.

ಅದಕ್ಕೇ ರಾತ್ರಿಯೆಲ್ಲ ಅವನ ಬದಲು ನಾನು ಮಾತಾಡ್ತಾ ಕೂರೋದು. ನಂಬದಿದ್ರೆ ಬಿಡು, ಒಂದಕ್ಷರ ಸುಳ್ಳಿಲ್ಲ. ಗಂಟಲು ಕಟ್ಟಿದೆ ಕಣೇ, ನೀರು ಕುಡಿದು ಬರ್ತೀನಿ... ನೀನು ಏನಾದ್ರೂ ಹೇಳ್ತಾ ಇರು. ಅವನ ಕೆನ್ನೆ ಮೇಲಿನ ಬೆರಳ ಗುರುತು ಒರೆಸೋಕೆ ಹೋಗಬೇಡ. ಹಸಿರು ಮಸಿ ಅದು, ಉಜ್ಜಿದ್ರೂ ಹೋಗಲ್ಲ.